ಷಿಕಾಗೋ ನಗರದ ಮೇಯರ್ ಚುನಾವಣೆ

ನಮ್ಮ ಮುಂಬಯಿಯಲ್ಲಿ ಮೇಯರನ್ನು ಆರಿಸುವವರು ನಗರಸೇವಕರು. ಅಮೆರಿಕದ ಷಿಕಾಗೋ ನಗರದಲ್ಲಿಯಾದರೋ ಮತದಾರರೇ ನೇರವಾಗಿ ಆರಿಸುತ್ತಾರೆ. ಅಲ್ಲಿ 1983ರಲ್ಲಿ ನಡೆದ ಚುನಾವಣೆಯನ್ನು ನಾವು ಇಲ್ಲಿ ಅವಲೋಕಿಸೋಣ.

ಆಗ ಪ್ರತಿಯೊಂದು ಪಕ್ಷವೂ ತನ್ನ ಅಭ್ಯರ್ಥಿಯನ್ನು ಮೊದಲೊಂದು ಮತದಾನದಿಂದ ಗೊತ್ತುಮಾಡುತ್ತಿತ್ತು. ಡೆಮೊಕ್ರಾಟಿಕ್ ಪಕ್ಷದೊಳಗೆ ಸ್ಪರ್ಧಿಸಿದವರಲ್ಲಿ ಮೂವರು ಪ್ರಮುಖರು: ಅಧಿಕಾರದಲ್ಲಿದ್ದ ಮೇಯರ್ ಜೇನ್ ಬರ್ನ್, ಮಾಜಿ ಮೇಯರರೊಬ್ಬರ ಮಗ ರಿಚರ್ಡ್ ಡೇಲಿ, ಕಪ್ಪು ಜನಾಂಗದ ಹೆರಾಲ್ಡ್ ವಾಷಿಂಗ್ಟನ್. ಬಿಳಿಯರ ಮತಗಳು ಮೊದಲಿನ ಇಬ್ಬರಲ್ಲಿ ಹಂಚಿಹೋದುವು. ಕಪ್ಪು ಜನರಾದರೋ ಲಕ್ಷಕ್ಕೂ ಮಿಕ್ಕಿ ಹೊಸದಾಗಿ ಮತದಾರರ ಪಟ್ಟಿಗೆ ಸೇರಿದ್ದರು. ಶೇಕಡಾ ಸುಮಾರು 36 ಮತಗಳಿಂದಲೇ ವಾಷಿಂಗ್ಟನ್ ಗೆದ್ದರು. ಅರ್ಧಕ್ಕಿಂತ ಕಡಿಮೆ ಪಡೆದು ಗೆಲ್ಲುವುದೆಂತು ಎನ್ನುವಿರಾ? ಎಲ್ಲರಿಗಿಂತ ಹೆಚ್ಚು ಮತ ಪಡೆದವರಿಗೆ ಜಯವೆಂಬುದು ಅಂದಿನ ನಿಯಮ. ಅರ್ಧಕ್ಕಿಂತ ಹೆಚ್ಚು ಬೇಕೆಂಬ ಕಟ್ಟಳೆ ಬಂದುದು 1999ರ ಚುನಾವಣೆಯಿಂದ.

ಷಿಕಾಗೋದಲ್ಲಿ 1927ರ ನಂತರ ರಿಪಬ್ಲಿಕನ್ ಪಕ್ಷ ಮೇಯರ್ ಸ್ಥಾನವನ್ನು ಗೆದ್ದಿರಲಿಲ್ಲ. ಈ ಸಲ ಅನೇಕ ಬಿಳಿಯ ಡೆಮೊಕ್ರಾಟರು ಮೈಬಣ್ಣ ನೋಡಿ ಆ ಪಕ್ಷದ ಬರ್ನಾರ್ಡ್ ಎಪ್ಟನ್ನರ ಕಡೆಗೆ ಸರಿದರು. ನಾಚಿಕೆಯ ಸಂಗತಿಯೇ ಸರಿ. ಏಪ್ರಿಲ್ 12ರಂದು ಸುಮಾರು 13 ಲಕ್ಷ ಜನ ಮತವಿತ್ತರು. 50,000ಕ್ಕೂ ಕಡಿಮೆ ಅಂತರದಿಂದ ಗೆದ್ದು ವಾಷಿಂಗ್ಟನ್ ಆ ನಗರದ ಮೊದಲ ಕಪ್ಪು ಮೇಯರರಾದರು.

ಪದವಿ ಬಂದಿತು, ಅಧಿಕಾರ ಪೂರ್ತಿ ಕೈಸೇರಲಿಲ್ಲ. ನಗರಸಭೆಯ 50 ಸದಸ್ಯರಲ್ಲಿ 29 ಮಂದಿ ಎದುರು ನಿಂತು ಅವರ ನೇಮಕಗಳನ್ನು ತಡೆದರು. ವಿರೋಧಿಗಳ ತೀರ್ಮಾನಗಳನ್ನು ಮೇಯರರು ನಿಷೇಧಾಧಿಕಾರದಿಂದ ತಳ್ಳಿಹಾಕಿದರು. ಅದನ್ನು ಮೀರಲು 34 ಮತ ಬೇಕು, ಅವರಲ್ಲಿ ಅಷ್ಟಿರಲಿಲ್ಲ. ಕಡೆಗೆ ನ್ಯಾಯಾಲಯದ ಆಜ್ಞೆಯಂತೆ ವಾರ್ಡುಗಳ ಗಡಿ ತಿದ್ದಿ 1986ರಲ್ಲಿ 7 ವಾರ್ಡುಗಳಿಗೆ ಮರುಚುನಾವಣೆ ನಡೆಯಿತು. ಸಭೆ 25ಕ್ಕೆ 25 ಆಯಿತು. ಸಮಮತವಾದಾಗ ನಿರ್ಣಾಯಕ ಮತ ಮೇಯರರದೇ.