ಮೊದಲ ಬಳೆ ನಿಮ್ಮವ್ವನ ಕೈಯಿಂದ

ತಂಗೀ, ಮದುವೆ ಹತ್ತಿರ ಬಂದಂತೆ ನಿನ್ನ ಫೋನಿಗೆ ಶಕುನದ ಸಲಹೆಗಳು ಹರಿದುಬರುತ್ತಿರಬೇಕು. ಮದುಮಗಳು ಕಪ್ಪು ಉಡಬಾರದು, ಅರಿಶಿನ ಹಚ್ಚಿದ ಮೇಲೆ ಹೊಸ್ತಿಲು ದಾಟಬಾರದು, ಬಳೆ ಒಡೆಯಬಾರದು. ನೀನು ಹುಟ್ಟಿ ಬೆಳೆದದ್ದು ಡೊಂಬಿವಲಿಯ ನಮ್ಮ ಕನ್ನಡದ ಮನೆ, ಸೇರುವ ಮನೆ ಕಲ್ಯಾಣದ ಮರಾಠಿಗರದು. ಎರಡೂ ಕಡೆಯ ‘ಬಾರದು’ಗಳನ್ನು ಕೂಡಿಸಿದರೆ ಹಸೆಮಣೆ ಏರುವಷ್ಟರಲ್ಲಿ ಹುಡುಗಿ ಹೆದರಿಯೇ ಸೊರಗಿಹೋಗುತ್ತಾಳೆ. ನನ್ನ ಮಾತು ಕೇಳುವುದಾದರೆ ಹೆದರಿಸುವ ಶಾಸ್ತ್ರಗಳನ್ನೆಲ್ಲ ಬಿಡು. ನಮ್ಮವರು ಹತ್ತಿರ ಬಂದು ಕೈಯಾರೆ ಮಾಡುವಂಥವನ್ನು ಮಾತ್ರ ಬಿಡಬೇಡ.

ಬಳೆಯನ್ನೇ ನೋಡು. ಅಂಗಡಿಯ ಲೋಹದ ಸೆಟ್ಟು ಬೇಡ, ಗಾಜಿನ ಹಸಿರು ಬಳೆಯೇ ಆಗಲಿ, ಬಳೆಗಾರನೂ ಮನೆಗೇ ಬರಲಿ. ಮರಾಠಿಗರಲ್ಲಿ ಇದು ಹಿರವಾ ಚೂಡಾ, ಬಳೆ ಇಡುವವನು ಕಾಸಾರ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿಕೊಂಡು ಒಂದೊಂದೇ ಏರಿಸುತ್ತಾನೆ. ಕೈ ಬಿಗಿ ಹಿಡಿದರೆ ನೋವು ನಿನಗೇ, ಸಡಿಲ ಬಿಡು. ಒಂದು ಕೈಗಿಂತ ಇನ್ನೊಂದಕ್ಕೆ ಒಂದು ಬಳೆ ಹೆಚ್ಚು ಇಡುತ್ತಾರೆ. ನಡುವೆ ಯಾವುದಾದರೂ ಚಟ್ಟೆಂದರೆ ಮುಖ ಸಣ್ಣ ಮಾಡಬೇಡ. ಗಾಜು ಅಂದಮೇಲೆ ಒಡೆಯುವುದೇ. ಅವನ ಪೆಟ್ಟಿಗೆಯಲ್ಲಿ ಇನ್ನೂ ಡಜನುಗಟ್ಟಲೆ ಇರುತ್ತವೆ.

ಮುಹೂರ್ತಕ್ಕೆ ಮುಂಚೆ ಗೌರಿಯ ಮುಂದೆ ಕೂಡಿಸುತ್ತಾರೆ. ನಮ್ಮಲ್ಲಿ ಗೌರಿಪೂಜೆ, ಅವರಲ್ಲಿ ಗೌರಿಹರ. ತವರಿನವರು ಕೊಟ್ಟ ಪುಟ್ಟ ಅನ್ನಪೂರ್ಣೆಯ ಮೇಲೆ ಚಿಟಿಕೆ ಚಿಟಿಕೆ ಅಕ್ಕಿ ಹಾಕುತ್ತ, ಸೋದರಮಾವ ಬಂದು ಮಂಟಪಕ್ಕೆ ಕರೆದೊಯ್ಯುವವರೆಗೆ ಕೂತಿರಬೇಕು. ಇಡೀ ದಿನದಲ್ಲಿ ನಿನಗೆ ಸುಮ್ಮನೆ ಕೂರಲು ಸಿಗುವುದು ಅಷ್ಟೇ ಹೊತ್ತು. ಫೋಟೊದವನು ಅಲ್ಲಿಗೂ ಬರುತ್ತಾನೆ, ಆಚೆ ಕಳಿಸು. ಅಂತರಪಟ, ಮಂಗಳಾಷ್ಟಕ ಎರಡೂ ಕಡೆ ಉಂಟು. ಅವರು ಮುಂಡಾವಳಿ ಕಟ್ಟುತ್ತಾರೆ, ನಮ್ಮವರು ಜೀರಿಗೆ-ಬೆಲ್ಲ ಕೇಳುತ್ತಾರೆ. ಎರಡೂ ನಡೆಯಲಿ, ವಾದ ಬೇಡ.

ಅರುಂಧತಿ ನೋಡುವುದು ಮಾತ್ರ ಈಗ ಬರೀ ನಾಟಕ. ನಡುಹಗಲಿನಲ್ಲಿ ಪುರೋಹಿತರು ಮದುವೆ ಹಾಲ್‌ನ ಛಾವಣಿಯ ಕಡೆ ಕೈ ಮಾಡುತ್ತಾರೆ, ‘ಕಂಡಿತು’ ಅನ್ನಬೇಕು. ನಿಜವಾಗಿ ನೋಡುವ ಆಸೆಯಿದ್ದರೆ ನಿನ್ನದು ವೈಶಾಖದ ಮದುವೆ, ಅದೃಷ್ಟವಂತೆ. ಆಗ ಸಂಜೆ ಕತ್ತಲಾದ ಮೇಲೆ ಉತ್ತರ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲ ಎತ್ತರದಲ್ಲಿರುತ್ತದೆ. ಬಾಲದ ನಡುವಿನ ನಕ್ಷತ್ರ ವಸಿಷ್ಠ, ಅದಕ್ಕೆ ಅಂಟಿದಂತಿರುವ ಮಂಕುಚುಕ್ಕಿಯೇ ಅರುಂಧತಿ. ಮಾರ್ಗಶಿರದಲ್ಲಿ ಲಗ್ನವಾದವರಿಗೆ ಅದು ಮಧ್ಯರಾತ್ರಿ ದಾಟುವ ತನಕ ಮೂಡುವುದೇ ಇಲ್ಲ. ಡೊಂಬಿವಲಿಯ ದೀಪದ ಬೆಳಕಿನಲ್ಲಿ ಕಷ್ಟ. ಇಬ್ಬರೂ ಎಂದಾದರೂ ಮಾಳಶೇಜ್ ಘಾಟಿನ ಕಡೆ ಹೋದಾಗ ನೋಡಿ.

ಗಂಡನ ಮನೆಯ ಹೊಸ್ತಿಲಲ್ಲಿ ಅಕ್ಕಿ ಸೇರು ಇಟ್ಟಿರುತ್ತಾರೆ. ಬಲಗಾಲಿನ ಬೆರಳು ತಾಗಿಸಿದರೆ ಸಾಕು. ಜೋರಾಗಿ ಒದ್ದರೆ ಅಕ್ಕಿ ಲಿಫ್ಟಿನ ಬಾಗಿಲ ತನಕ ಚೆಲ್ಲುತ್ತದೆ, ಗುಡಿಸುವವರು ಯಾರು?

ಈಗ ಮುಖ್ಯ ಮಾತು. ಅರಿಶಿನ ಹಚ್ಚಲು, ಬಳೆ ಇಡಿಸಲು, ಉಡಿ ತುಂಬಲು ಐದು ಜನ ಮುತ್ತೈದೆಯರನ್ನು ಕರೆಯುತ್ತಾರೆ. ನಿನ್ನಪ್ಪ ಹೋದ ಮೇಲೆ ನಮ್ಮ ವೈನಿ, ನಿಮ್ಮವ್ವ, ಇಂಥ ಕಡೆಯೆಲ್ಲ ತಾನಾಗಿ ಅಡುಗೆಮನೆ ಸೇರುತ್ತಾಳೆ. ಯಾರೂ ಹೋಗೆಂದು ಹೇಳುವುದಿಲ್ಲ, ಬಾ ಅಂತಲೂ ಕರೆಯುವುದಿಲ್ಲ. ನಿನ್ನನ್ನು ಹೆತ್ತವಳು, ಟ್ಯೂಷನ್ ಹೇಳಿ ಓದಿಸಿದವಳು ನಿನಗೆ ಅರಿಶಿನ ಮುಟ್ಟಿಸಿದರೆ ಅದು ಅಪಶಕುನವಂತೆ! ನನಗಂತೂ ಇದಕ್ಕಿಂತ ಕೆಟ್ಟ ಶಕುನ ಗೊತ್ತಿಲ್ಲ.

‘ಅವರ ಕಡೆಯವರು ಏನಂದಾರು’ ಅನ್ನಬೇಡ. 2022ರ ಮೇ ತಿಂಗಳಲ್ಲಿ ಕೊಲ್ಹಾಪುರ ಜಿಲ್ಲೆಯ, ನಮ್ಮ ಗಡಿಗೆ ಹತ್ತಿರದ ಹೇರವಾಡದ ಗ್ರಾಮಸಭೆ, ಗಂಡ ಸತ್ತವಳ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ಮಂಗಳಸೂತ್ರ ತೆಗೆಯುವುದು ನಿಲ್ಲಬೇಕೆಂದು ಠರಾವು ಮಾಡಿತು. ಉಳಿದ ಊರುಗಳೂ ಹೀಗೇ ಮಾಡಲಿ ಎಂದು ಮಹಾರಾಷ್ಟ್ರ ಸರ್ಕಾರ ಅದೇ ತಿಂಗಳು ಸುತ್ತೋಲೆ ಹೊರಡಿಸಿತು. ಹಳ್ಳಿಯವರಿಗೆ ಆದದ್ದು ಫ್ಲ್ಯಾಟಿನವರಿಗೆ ಆಗದೇ?

ಮೊದಲ ಬಳೆ ಅವ್ವನ ಕೈಯಿಂದಲೇ ಎಂದು ನಿನ್ನ ಅತ್ತೆಯಾಗುವವರಿಗೆ ನೀನೇ ಹೋಗಿ ಹೇಳು, ಹುಡುಗನ ಬಾಯಿಂದ ಹೇಳಿಸಬೇಡ. ಪುರೋಹಿತರಿಗೂ ವಾರ ಮುಂಚೆ ತಿಳಿಸು. ಮದುವೆ ಹಾಲ್ ಅರ್ಧ ದಿನದ ಬಾಡಿಗೆಗೆ, ಮಧ್ಯಾಹ್ನವಾಗುತ್ತಲೇ ಇನ್ನೊಂದು ಮದುವೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಅಲ್ಲಿ ಚರ್ಚೆ ಮಾಡುತ್ತ ಕೂರಲು ಹೊತ್ತಿರುವುದಿಲ್ಲ. ವೈನಿ ಮೊದಲು ಒಲ್ಲೆ ಅನ್ನುತ್ತಾಳೆ. ಅವಳನ್ನು ಒಪ್ಪಿಸುವ ಕೆಲಸ ನನಗೆ ಬಿಡು. ಬಳೆಗಾರ ಬರುವ ದಿನ ಕಲ್ಯಾಣದ ಮಾರ್ಕೆಟ್ಟಿನಿಂದ ಹೂವು ತೆಗೆದುಕೊಂಡು ಬೆಳಿಗ್ಗೆಯೇ ಬರುತ್ತೇನೆ.