ದೋಣಿಯ ಹಿತ್ತಾಳೆ ಕೊಂಡಿ

ಕಾಸರಗೋಡಿನ ಕಡಲ ಕರೆಯಲ್ಲಿ ಈಗ ಫೈಬರ್ ದೋಣಿಗಳೇ ಹೆಚ್ಚು. ಹಳೆಯ ಮರದ ದೋಣಿಯಲ್ಲಿ ಹಿತ್ತಾಳೆಯ ಕೊಂಡಿ, ಬಳೆ, ತಿರುಪು ಇದ್ದರೆ ಅವಕ್ಕೆ ಹಸಿರು ಕಿಲುಬು ಹಿಡಿದಿರ್ತದೆ. ಅದನ್ನು ತೆಗೆಯುವುದು ಹೇಗೆ?

ಮೊದಲು ಸಿಹಿನೀರಿನಲ್ಲಿ ತೊಳೆದು ಉಪ್ಪು ತೆಗೆಯಿರಿ. ಹುಣಸೆಹುಳಿ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ತೆಂಗಿನ ನಾರಿನಿಂದ ಉಜ್ಜಿ. ಹುಳಿ ಉಳಿಯದ ಹಾಗೆ ತೊಳೆದು, ಬಟ್ಟೆಯಿಂದ ಒರೆಸಿ.

ಈಗ ಬಣ್ಣ ನೋಡಿ. ಹಳದಿ ಇದ್ದರೆ ಒಳ್ಳೆಯದು. ಕೆಂಪು ಕಂಡರೆ ಅರದಿಂದ ಸ್ವಲ್ಪ ಉಜ್ಜಿ. ಒಳಗೆ ಹಳದಿ ಬಂದರೆ ಹೆದರಬೇಡಿ. ಮೇಲಿನ ಕೆಂಪು ಹುಳಿಯಿಂದ ಬಂದದ್ದು ಆಗಿರಬಹುದು. ಒಳಗೂ ಕೆಂಪಾಗಿದ್ದರೆ ಆ ಕೊಂಡಿ ಬೇಡ.

ಯಾಕೆ? ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಸೇರಿದ ಲೋಹ. ಉಪ್ಪುನೀರು ಸತುವನ್ನು ನಿಧಾನವಾಗಿ ತಿಂದುಹಾಕ್ತದೆ. ಉಳಿಯುವ ತಾಮ್ರದಲ್ಲಿ ಸಣ್ಣ ಸಣ್ಣ ತೂತುಗಳಿರ್ತವೆ. ಹೊರಗೆ ಹೊಳಪು, ಒಳಗೆ ಬಲವಿಲ್ಲ. ಕಡಲಲ್ಲಿ ಹಗ್ಗ ಎಳೆಯುವಾಗ ಮುರಿದರೆ ಜೀವಕ್ಕೇ ಅಪಾಯ. ಅದನ್ನು ಗುಜರಿಗೆ ಕೊಟ್ಟು ಹೊಸದು ಹಾಕಿಸಿ.

ಹಿತ್ತಾಳೆಗೆ ಕಬ್ಬಿಣದ ತಿರುಪು ಹಾಕಬೇಡಿ. ಉಪ್ಪುನೀರಿನಲ್ಲಿ ಎರಡೂ ಕೂಡಿದರೆ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಯುತ್ತದೆ. ಕೊಂಡಿ ಸಡಿಲ ಆಗ್ತದೆ.

ಉತ್ತರ ಬರೆಯಿರಿ:
1. ಹಿತ್ತಾಳೆಯಲ್ಲಿ ಯಾವ ಎರಡು ಲೋಹಗಳಿವೆ?
2. ಹೊಳೆಯುವ ಕೊಂಡಿಯನ್ನೂ ಯಾಕೆ ಪರೀಕ್ಷೆ ಮಾಡಬೇಕು?