ಟೊಮೆಟೊ ಪಕ್ಕ ಏನು ಬೇಡ

ಕೋಲಾರದ ಕೆಮ್ಮಣ್ಣಿನಲ್ಲಿ ಟೊಮೆಟೊ ಬೆಳೆಯುತ್ತಾ ಬಂದಿದ್ದೇನೆ. ಔಷಧಿಗೆ ಸುರಿದ ದುಡ್ಡಿನಲ್ಲಿ ಅರ್ಧ ಉಳಿಯುತ್ತಿತ್ತು, ನೆರೆಗಿಡ ಯಾವುದೆಂದು ಮೊದಲೇ ಯೋಚಿಸಿದ್ದರೆ.

1. ಆಲೂಗಡ್ಡೆ ಹತ್ತಿರ ಸುಳಿಯಬಾರದು. ಒಂದು ಮುಂಗಾರಿನಲ್ಲಿ ಮನೆ ಹಿಂದಿನ ಹತ್ತು ಗುಂಟೆಯಲ್ಲಿ ಅರ್ಧಕ್ಕೆ ಆಲೂಗಡ್ಡೆ, ಅರ್ಧಕ್ಕೆ ಟೊಮೆಟೊ ಹಾಕಿದ್ದೆ. ನಾಲ್ಕು ದಿನ ಮೋಡ, ಜಿನುಗು ಮಳೆ. ಆಲೂಗಡ್ಡೆ ಎಲೆಯಂಚು ಬೆಂದಂತೆ ಕಂದಾಯಿತು, ಎಲೆಯಡಿ ಬಿಳಿ ಬೂಷ್ಟು. ವಾರದೊಳಗೆ ಟೊಮೆಟೊ ಕಾಯಿಗಳ ಮೇಲೂ ಅದೇ ಕಂದು. ಇದೇ ಕೊನೆ ಅಂಗಮಾರಿ. ಗಾಳಿಯಲ್ಲೇ ಹಾರುತ್ತದೆ, ಬದು ಅಡ್ಡವಾಗುವುದಿಲ್ಲ. ಅಗೆಯುವಾಗ ಮಣ್ಣಲ್ಲೇ ಉಳಿದ ಗೆಡ್ಡೆ ಮೊಳೆತರೂ ಸಾಕು, ರೋಗ ಅಲ್ಲಿಂದಲೇ ಎದ್ದೀತು. ಕಂಡ ಕೂಡಲೇ ಕೀಳಿ.

2. ಬದನೆ, ಮೆಣಸಿನಕಾಯಿ, ದೊಣ್ಣೆಮೆಣಸು ಟೊಮೆಟೊದ ರಕ್ತಸಂಬಂಧಿಗಳು. ಇವು ಪಕ್ಕದಲ್ಲಿರುವುದಕ್ಕಿಂತ ಅದೇ ಜಾಗದಲ್ಲಿ ಹಿಂದಿನ ಬೆಳೆಯಾಗಿದ್ದರೆ ಹೆಚ್ಚು ಅಪಾಯ. ದುಂಡಾಣು ಸೊರಗು ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಗಿಡ ಹಸಿರಾಗಿರುವಾಗಲೇ ಜೋತುಬಿದ್ದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ ನೋಡಿ. ಹಾಲಿನಂಥ ಎಳೆ ಇಳಿದರೆ ಅದೇ ರೋಗ. ಅಂಥ ಪಾತಿಗೆ ನಾನು ಮೂರು ವರ್ಷ ರಾಗಿ, ಹುರುಳಿ ಬಿಟ್ಟು ಬೇರೇನೂ ಹಾಕುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಸೊರಗು, ಎಲೆ ಮುರುಟು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಆಲೂಗಡ್ಡೆಯಿಂದ ಬರುವ ಕೊನೆ ಅಂಗಮಾರಿ ಆ ಪಟ್ಟಿಯಲ್ಲಿಲ್ಲ.

3. ಬೆಂಡೆ ಬೇರೆ ಕುಲವೆಂದು ನಂಬಿ ಪಕ್ಕದಲ್ಲೇ ಹಾಕಿದ್ದೆ. ಕಿತ್ತಾಗ ಎರಡರ ಬೇರಿನಲ್ಲೂ ಗಂಟು. ಬೇರುಗಂಟು ಜಂತುಹುಳು ಕುಲ ಕೇಳುವುದಿಲ್ಲ.

4. ಮುಸುಕಿನ ಜೋಳದ ಬಗ್ಗೆ ಎರಡು ಮಾತಿದೆ. ಬಿಳಿನೊಣ ತಡೆಯಲೆಂದು ಹೊಲದಂಚಿಗೆ ಎರಡು ಸಾಲು ಹಾಕುವವರಿದ್ದಾರೆ, ತಪ್ಪೇನಲ್ಲ. ಆದರೆ ಪಕ್ಕದಲ್ಲೇ ಜೋಳದ ದೊಡ್ಡ ತಾಕು ಬೇಡ. ತೆನೆ ತಿನ್ನುವ ಕಾಯಿಕೊರಕವೇ ಟೊಮೆಟೊ ಕಾಯನ್ನೂ ಕೊರೆಯುವುದು. ಈ ಹುಳು ತಡೆಯಲು ಚೆಂಡುಹೂವು ಒಳ್ಳೆಯ ನೆರೆ: ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು. ಹೂವಿನ ಸಸಿಗೆ 45 ದಿನ, ಟೊಮೆಟೊ ಸಸಿಗೆ 25 ದಿನ ಆಗಿರಲಿ, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ.

5. ಎಲ್ಲಕ್ಕಿಂತ ಕೆಟ್ಟ ನೆರೆ ಹಳೆಯ ಟೊಮೆಟೊನೇ. ದರ ಬಿದ್ದಾಗ ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ, ಕಾಯಿ ಸಮೇತ ಹೊಲ ಬಿಟ್ಟುಬಿಡುತ್ತೇವೆ. ಆ ಸಂಕಟ ನನಗೆ ಗೊತ್ತು. ಆದರೆ ಮುರುಟಿ ನಿಂತ ಆ ಗಿಡಗಳಲ್ಲಿ ಬಿಳಿನೊಣ ಎಲೆ ಮುರುಟಿನ ನಂಜು ಹೊತ್ತು ಎಳೆಸಸಿಗಾಗಿ ಕಾಯುತ್ತಿರುತ್ತದೆ. ಹೋದ ಸಲ ಪಕ್ಕದ ಹೊಲದವರ ಜೊತೆ ನಾನೂ ಎರಡು ದಿನ ನಿಂತು ಅವರ ಗಿಡಗಳನ್ನೆಲ್ಲ ಬೇರು ಸಮೇತ ಕಿತ್ತೆ. ಅದಾದ ಮೇಲೆಯೇ ನನ್ನ ಸಸಿಗಳನ್ನು ಮಡಿಯಿಂದ ಹೊರಗೆ ತೆಗೆದದ್ದು.